ಕರತಾಡನವೂ ಮತದಾನವೂ

ಒಳ್ಳೆಯ ಮಾತಿಗೆ ತಲೆದೂಗದ ಕನ್ನಡಿಗನಿಲ್ಲ. ಹರಿಕಥೆ, ಪುರಾಣ, ತಾಳಮದ್ದಳೆಗಳನ್ನು ಕೇಳಿ ಪಳಗಿದ ಕಿವಿ ನಮ್ಮದು. ತಾಳಮದ್ದಳೆಯ ಕೌರವನು ತನ್ನ ಪಕ್ಷವನ್ನು ಸೊಗಸಾಗಿ ಮಂಡಿಸಿದಾಗ ನಾವು ‘ಭಲೆ’ ಎನ್ನುತ್ತೇವೆ. ಆದರೆ ಹಸ್ತಿನಾವತಿಯನ್ನು ಅವನಿಗೇ ಬಿಟ್ಟುಕೊಡಬೇಕೆಂದು ಯಾರೂ ಮನೆಗೆ ಹೋಗಿ ವಾದಿಸುವುದಿಲ್ಲ. ಮಾತನ್ನು ಮೆಚ್ಚುವುದು ಒಂದು. ಮಾತಾಡಿದವನ ಕೈಗೆ ರಾಜ್ಯವನ್ನು ಒಪ್ಪಿಸುವುದು ಇನ್ನೊಂದು. ಈ ಭೇದವನ್ನು ನಮ್ಮ ಅಜ್ಜಂದಿರು ಚುನಾವಣೆಗಳು ಬರುವುದಕ್ಕೆ ಮುಂಚೆಯೇ ಬಲ್ಲವರಾಗಿದ್ದರು.

ಚುನಾವಣೆಗಳು ಬಂದ ಮೇಲೆ ಈ ಹಳೆಯ ವಿವೇಕಕ್ಕೆ ಹೊಸ ಪರೀಕ್ಷೆ ಒದಗಿತು. ಉಮೇದುವಾರನು ವೇದಿಕೆಯ ಮೇಲೆ ನಿಂತು ಮಾತನಾಡುತ್ತಾನೆ. ಮತದಾರನು ಕೆಳಗೆ ನಿಂತು ಕೇಳುತ್ತಾನೆ. ಚಪ್ಪಾಳೆಯನ್ನು ಎಲ್ಲರೂ ಕಾಣುತ್ತಾರೆ. ಓಟನ್ನು ಯಾರೂ ಕಾಣರು. ಕಾಣುವ ಚಪ್ಪಾಳೆಗೂ ಕಾಣದ ಓಟಿಗೂ ನಡುವೆ ಮತದಾರನ ಮನಸ್ಸಿನಲ್ಲಿ ನಡೆಯುವುದೇನು? ಈ ಪ್ರಶ್ನೆಯನ್ನು ದಿಲ್ಲಿಯ ಕನ್ನಡಿಗರಾದ ನಾವು ಕೇಳಿಕೊಳ್ಳಲು ವಿಶೇಷ ಕಾರಣವುಂಟು. 1977ರ ಚುನಾವಣೆಯಲ್ಲಿ ದಿಲ್ಲಿ ಒಂದು ಉತ್ತರ ಕೊಟ್ಟಿತು, ಕರ್ನಾಟಕ ಅದಕ್ಕೆ ಸಂಪೂರ್ಣ ವಿರುದ್ಧವಾದ ಉತ್ತರ ಕೊಟ್ಟಿತು. ನಮ್ಮ ಎಷ್ಟೋ ಮನೆಗಳಲ್ಲಿ ತಮ್ಮನು ಇಲ್ಲಿಯೂ ಅಣ್ಣನು ಅಲ್ಲಿಯೂ ಇದ್ದರು. ನಾಡಹಬ್ಬದ ಈ ಸಂಚಿಕೆಯಲ್ಲಿ ಆ ಕಥೆಯನ್ನು ನೆನೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

ಅಜಮೇರಿ ಗೇಟು ಮತ್ತು ತುರ್ಕಮಾನ್ ಗೇಟುಗಳ ಹೊರಗೆ, ಹಳೆಯ ದಿಲ್ಲಿಗೂ ಹೊಸ ದಿಲ್ಲಿಗೂ ನಡುವೆ, ರಾಮಲೀಲಾ ಮೈದಾನವಿದೆ. 1975ರ ಜೂನ್ 25ರ ಸಂಜೆ ಜಯಪ್ರಕಾಶ ನಾರಾಯಣರು ಅಲ್ಲಿ ಮಾತನಾಡಿ, ನ್ಯಾಯಬಾಹಿರವಾದ ಆಜ್ಞೆಗಳನ್ನು ಪಾಲಿಸಬೇಡಿರೆಂದು ಪೊಲೀಸರಿಗೂ ಸೈನಿಕರಿಗೂ ಕರೆಯಿತ್ತರು. ಅದೇ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳ ಸಹಿ ಬಿತ್ತು. ಬಹದ್ದೂರ್ ಶಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ವಿದ್ಯುತ್ತು ನಿಂತುಹೋಯಿತು. ಬೆಳಗಾಗುವುದರೊಳಗೆ ದೇಶದ ಮುಖ್ಯ ವಿರೋಧಿ ನಾಯಕರಲ್ಲಿ ಬಹುಮಂದಿ ಬಂಧನದಲ್ಲಿದ್ದರು.

ಈ ಬಂಧನದ ಕಥೆಯ ಒಂದು ಎಳೆ ನಮ್ಮ ನಾಡಿನಲ್ಲಿದೆ. ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಈ ನಾಲ್ವರು ಸಂಸತ್ ಸಮಿತಿಯೊಂದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದರು. ಅಲ್ಲಿಯೇ ಅವರನ್ನು ಹಿಡಿದು ಬೆಂಗಳೂರಿನ ಕೇಂದ್ರ ಸೆರೆಮನೆಯಲ್ಲಿಟ್ಟರು. ಆ ಸೆರೆಮನೆ ಈಗ ‘ಫ್ರೀಡಂ ಪಾರ್ಕ್’ ಎಂಬ ಉದ್ಯಾನವಾಗಿದೆ. ‘ಸಂಸ್ಕಾರ’ ಚಲನಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿಯವರೂ ಬೆಂಗಳೂರಿನ ಸೆರೆಯಲ್ಲಿ ದೀರ್ಘಕಾಲ ಇದ್ದರು. ಉಬ್ಬಸದಿಂದ ಬಳಲಿ, 1977ರ ಜನವರಿಯಲ್ಲಿ ಹೊರಗೆ ಬಂದ ಕೆಲವೇ ದಿನಗಳಲ್ಲಿ, 20ರಂದು ತೀರಿಕೊಂಡರು. ಲೋಕಸಭೆಗೆ ಚುನಾವಣೆ ನಡೆಯುವುದೆಂದು ಇಂದಿರಾ ಗಾಂಧಿಯವರು ಪ್ರಕಟಿಸಿ ಆಗ ಎರಡು ದಿನವಾಗಿತ್ತು.

ಆ ಹತ್ತೊಂಬತ್ತು ತಿಂಗಳುಗಳಲ್ಲಿ ದಿಲ್ಲಿಯ ಜನ ಕಂಡದ್ದು ಕೇವಲ ಪತ್ರಿಕೆಗಳ ಸೆನ್ಸಾರನ್ನಲ್ಲ. 1976ರ ಏಪ್ರಿಲಿನಲ್ಲಿ ತುರ್ಕಮಾನ್ ಗೇಟಿನ ಬಳಿ ಮನೆಗಳನ್ನು ಕೆಡವಿದರು. ಎದುರು ನಿಂತವರ ಮೇಲೆ ಗುಂಡು ಹಾರಿತು. ಸಂತಾನಹರಣ ಚಿಕಿತ್ಸೆಗೆ ಇಷ್ಟು ಜನರನ್ನು ಕರೆತರಬೇಕೆಂದು ಶಾಲಾ ಉಪಾಧ್ಯಾಯರಿಗೂ ಲೆಕ್ಕ ಗೊತ್ತುಮಾಡಿದ್ದರು. ಪಕ್ಕದ ಮೇಜಿನವರೊಡನೆ ರಾಜಕೀಯದ ಮಾತನ್ನು ಎತ್ತುವುದಕ್ಕೆ ಗುಮಾಸ್ತರು ಅಂಜುತ್ತಿದ್ದರು. ಹೀಗಿರಲು ಚುನಾವಣೆ ಬಂದಿತು.

ಆಗಿನ ದಿಲ್ಲಿ ಕನ್ನಡಿಗರಲ್ಲಿ ಕೇಂದ್ರ ಸರಕಾರದ ನೌಕರರು ಬಹುಮಂದಿ. ಸರೋಜಿನಿ ನಗರ, ಲೋದಿ ಕಾಲೊನಿ, ರಾಮಕೃಷ್ಣಪುರದ ಕ್ವಾರ್ಟರುಗಳಲ್ಲಿ ನಮ್ಮವರ ಸಂಸಾರಗಳಿದ್ದವು. ಸರಕಾರಿ ನೌಕರರ ನಡತೆಯ ಬಗೆಗೆ 1964ರ ನಿಯಮಗಳು ಇಂದಿಗೂ ಇವೆ. ನೌಕರನು ಯಾವ ಪಕ್ಷದ ಪರವಾಗಿಯೂ ಪ್ರಚಾರ ಮಾಡಕೂಡದು; ಓಟು ಹಾಕಬಹುದು; ಆದರೆ ಓಟು ಯಾರಿಗೆ ಹಾಕುವೆನೆಂದಾಗಲಿ, ಹಾಕಿದೆನೆಂದಾಗಲಿ ಯಾವ ಸೂಚನೆಯನ್ನೂ ಕೊಡಕೂಡದು. ಸಾಮಾನ್ಯ ಕಾಲದಲ್ಲಿ ಈ ನಿಯಮವನ್ನು ಓದಿ ಯಾರೂ ಚಿಂತಿಸುವುದಿಲ್ಲ. ಆದರೆ 1977ರಲ್ಲಿ ಒಬ್ಬ ಗುಮಾಸ್ತನ ಮನಸ್ಸಿಗೆ ಅದು ಕಠಿಣವಾದ ಸಮಸ್ಯೆಯಾಯಿತು. ಸಭೆಯಲ್ಲಿ ಚಪ್ಪಾಳೆ ತಟ್ಟಿದರೆ ಅದೂ ಒಂದು ಸೂಚನೆಯಲ್ಲವೆ?

ಈ ಸಮಸ್ಯೆಯನ್ನು ಹೊತ್ತು ರಾಮಲೀಲಾ ಮೈದಾನಕ್ಕೆ ಹೋದ ನಮ್ಮ ಹಿರಿಯರೊಬ್ಬರು ಆ ಸಂಜೆಯನ್ನು ಬಹಳ ವರ್ಷ ನಮಗೆ ವರ್ಣಿಸುತ್ತಿದ್ದರು. ಅವರು ಸಾಗರದ ಕಡೆಯವರು. 1960ರ ದಶಕದಲ್ಲಿ ಪರೀಕ್ಷೆ ಕಟ್ಟಿ ದಿಲ್ಲಿಯ ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿ ಸೇರಿದ್ದರು. ಜನವರಿ ಕೊನೆಯ ಚಳಿ. ಕಚೇರಿ ಬಿಟ್ಟವರು ಮನೆಯ ಬಸ್ಸು ಹಿಡಿಯದೆ, ಮಿಂಟೋ ಸೇತುವೆಯ ಕಡೆಯಿಂದ ನಡೆದು ಮೈದಾನವನ್ನು ಸೇರಿದರು. ಮಫ್ಲರನ್ನು ಕಿವಿಗೂ ಗಲ್ಲಕ್ಕೂ ಸುತ್ತಿಕೊಂಡಿದ್ದರು. ಚಳಿಗೆ ಅರ್ಧ, ಪರಿಚಿತರು ಗುರುತಿಸದಿರಲೆಂದು ಅರ್ಧ. ಹಿಂದಿನ ಸಾಲಿನಲ್ಲಿ ನಿಂತು ನೋಡಿದರೆ, ತಮ್ಮಂತೆಯೇ ಮುಖ ಮುಚ್ಚಿಕೊಂಡವರು ಅಕ್ಕಪಕ್ಕದಲ್ಲಿ ಎಷ್ಟೋ ಮಂದಿ!

ವೃದ್ಧ ನಾಯಕರು ಒಬ್ಬರಾದ ಮೇಲೊಬ್ಬರು ಸೆರೆಮನೆಯ ಕಷ್ಟಗಳನ್ನು ದೀರ್ಘವಾಗಿ ಹೇಳಿದರು. ಸಣ್ಣಗೆ ಮಳೆ ಜಿನುಗಿತು. ಜನ ಚಪ್ಪಾಳೆ ತಟ್ಟಲೂ ಇಲ್ಲ, ಎದ್ದು ಹೋಗಲೂ ಇಲ್ಲ. ರಾತ್ರಿಯಾದ ಮೇಲೆ ವಾಜಪೇಯಿಯವರು ಎದ್ದರು. ಅವರೇ ಹೊಸ ದಿಲ್ಲಿ ಕ್ಷೇತ್ರದ ಉಮೇದುವಾರರಾಗಿ ನಿಂತರು. ಕೂಡಲೇ ಮಾತನಾಡದೆ, ಕಣ್ಣು ಮುಚ್ಚಿ ನಿಂತು, ಬಹುಕಾಲದ ಮೇಲೆ ಒಂದುಗೂಡಿದವರ ಭಾವವುಳ್ಳ ಚಿಕ್ಕ ಪದ್ಯವೊಂದನ್ನು ಹೇಳಿದರೆಂದು ಅಲ್ಲಿದ್ದ ಪತ್ರಕರ್ತರೂ ಬರೆದಿದ್ದಾರೆ. ಜನಸ್ತೋಮದ ಕಟ್ಟೆ ಒಡೆಯಿತು. ನಮ್ಮ ಹಿರಿಯರು ಕೈಗಳನ್ನು ಶಾಲಿನೊಳಗೇ ಬಿಗಿಹಿಡಿದುಕೊಂಡಿದ್ದರಂತೆ. ಪಕ್ಕದವನು ತಟ್ಟಿದನು, ಆಚೆಯವನು ತಟ್ಟಿದನು, ಯಾವಾಗ ತಮ್ಮ ಕೈಗಳು ಶಾಲಿನಿಂದ ಹೊರಗೆ ಬಂದವೋ ಅವರಿಗೇ ತಿಳಿಯಲಿಲ್ಲವಂತೆ. ‘ಅಂದು ನಾನು ತಟ್ಟಿದ್ದು ಭಾಷಣಕ್ಕಲ್ಲ ಕಣಯ್ಯಾ, ನನ್ನ ಕೈ ನನ್ನದೇ ಎಂದು ತಿಳಿದದ್ದಕ್ಕೆ’ ಎಂದು ಅವರು ಹೇಳುತ್ತಿದ್ದರು.

ಇಲ್ಲಿ ಭಾಷೆಯ ಮಾತನ್ನೂ ಹೇಳಬೇಕು. ಊರಿನಿಂದ ಬಂದ ನಮ್ಮವರಿಗೆ ದಿಲ್ಲಿಯ ಪೇಟೆಯ ಹಿಂದಿ ವಿಳಂಬವಾಗಿಯೇ ನಾಲಗೆಗೆ ಹತ್ತುತ್ತಿತ್ತು. ತರಕಾರಿಯವನ ಲೆಕ್ಕ ತಿಳಿಯದವರಿಗೂ ವಾಜಪೇಯಿಯವರ ಹಿಂದಿ ತಿಳಿಯುತ್ತಿತ್ತು. ಜನತೆ, ಶಾಸನ, ನ್ಯಾಯ, ಅಧಿಕಾರ, ಭಯ ಮುಂತಾದ ಸಂಸ್ಕೃತ ಶಬ್ದಗಳು ಕನ್ನಡದವೇ ಆಗಿ ಕಿವಿಗೆ ಬೀಳುತ್ತಿದ್ದವು. ಅವರು ಮಾತಿನ ನಡುವೆ ಬಿಡುತ್ತಿದ್ದ ದೀರ್ಘ ವಿರಾಮದಲ್ಲಿ ಹಿಂದಿನ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಿಸಿಕೊಳ್ಳಲು ಅವಕಾಶವೂ ಇತ್ತು. ಈ ನೆಂಟಸ್ತಿಕೆ ಕೆಲವೊಮ್ಮೆ ಮೋಸವನ್ನೂ ಮಾಡುತ್ತಿತ್ತು. ಅವರ ‘ಶಿಕ್ಷಾ’ ವಿದ್ಯಾಭ್ಯಾಸ, ನಮ್ಮ ಶಿಕ್ಷೆ ದಂಡನೆ. ಅವರ ‘ಅವಕಾಶ’ ರಜೆ, ನಮ್ಮದು ಸಂದರ್ಭ. ಪ್ರತಿಯೊಂದು ಮಗುವಿಗೂ ಉಚಿತವಾದ ಶಿಕ್ಷಾ ಕೊಡುವೆವೆಂದು ಉಮೇದುವಾರನು ಸಾರಿದರೆ ಹೊಸದಾಗಿ ಬಂದ ಕನ್ನಡಿಗನು ಬೆಚ್ಚಿಬೀಳದಿರುವನೆ?

ಫೆಬ್ರವರಿ 2ರಂದು ಜಗಜೀವನರಾಮರು ಮಂತ್ರಿಪದವಿಯನ್ನು ಬಿಟ್ಟು ಹೊರಬಂದರು. 6ನೆಯ ತಾರೀಖು, ಭಾನುವಾರ, ಅದೇ ಮೈದಾನದಲ್ಲಿ ಜಯಪ್ರಕಾಶರೊಡನೆ ಅವರ ಸಭೆ. ಜನರನ್ನು ಮನೆಯಲ್ಲಿಯೇ ಉಳಿಸುವ ಉದ್ದೇಶದಿಂದ ದೂರದರ್ಶನದಲ್ಲಿ ಅಂದು ನಿಗದಿಯಾಗಿದ್ದ ಚಿತ್ರವನ್ನು ಬಿಟ್ಟು, 1973ರ ಜನಪ್ರಿಯ ಚಿತ್ರ ‘ಬಾಬಿ’ಯನ್ನು ತೋರಿಸಿದರು. ಆದರೂ ಜನ ಬಂದರು. ಬಸ್ಸು ಸಿಗದವರು ಮೈಲಿಗಟ್ಟಲೆ ನಡೆದು ಬಂದರು. ಬಾಬೂಜಿಯವರು ಬಾಬಿಯನ್ನು ಸೋಲಿಸಿದರೆಂಬ ಮಾತು ಊರೆಲ್ಲ ಹಬ್ಬಿತು. ಸಭೆಗಳಲ್ಲಿ ಕಾರ್ಯಕರ್ತರು ಬಟ್ಟೆ ಹಿಡಿದು ಬಂದರೆ ಜನರು ನಾಣ್ಯವನ್ನೂ ನೋಟನ್ನೂ ಹಾಕುತ್ತಿದ್ದರು.

ಬಟ್ಟೆಗೆ ನೋಟು ಬೀಳುವುದನ್ನು ಕಂಡಾಗ ನಮ್ಮ ಹಿರಿಯರಿಗೆ ಊರು ನೆನಪಾಯಿತು. ಈ ದೃಶ್ಯ ಮಲೆನಾಡಿಗೆ ಹೊಸದಲ್ಲ. ಶಾಂತವೇರಿ ಗೋಪಾಲಗೌಡರು ಚುನಾವಣೆಗೆ ನಿಂತಾಗ ಅವರು ಕೇಳುತ್ತಿದ್ದುದು ‘ಒಂದು ಓಟು, ಒಂದು ನೋಟು’. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಮರುವರ್ಷ, 1952ರ ಪ್ರಥಮ ಮಹಾಚುನಾವಣೆಯಲ್ಲಿ, ಮೂವತ್ತು ತುಂಬದ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ವಿಧಾನಸಭೆಗೆ ಗೆದ್ದರು. ಉಳುವವನೇ ಹೊಲದೊಡೆಯ ಎಂಬ ಮಾತನ್ನು ಅವರ ಬಾಯಿಂದ ಕೇಳಿದ ಗೇಣಿದಾರರು, ಆವರೆಗೆ ಒಡೆಯರ ಮುಂದೆ ಎತ್ತದಿದ್ದ ತಲೆಯನ್ನು ಎತ್ತಿದರು. ಆ ಸಭೆಗಳಲ್ಲಿ ಬಾಲಕರಾಗಿದ್ದ ನಮ್ಮ ಹಿರಿಯರು ಅಣ್ಣನ ಹೆಗಲ ಮೇಲೆ ಕುಳಿತು ಭಾಷಣ ಕೇಳಿದ್ದರು. ಅಣ್ಣ ಚಪ್ಪಾಳೆ ತಟ್ಟಿದ್ದನ್ನೂ, ಸೊಂಟದ ಎಲೆಯಡಿಕೆ ಸಂಚಿಯಿಂದ ರೂಪಾಯಿ ತೆಗೆದದ್ದನ್ನೂ ಕಂಡಿದ್ದರು.

ಆದರೆ ಮೆಚ್ಚಿಗೆ ಎಂದೂ ಶಾಶ್ವತವಾದ ಹುಂಡಿಯಲ್ಲ. 1957ರಲ್ಲಿ ಅದೇ ಗೋಪಾಲಗೌಡರು ಸೋತರು. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಗೆದ್ದರು. 1972ರಲ್ಲಿ, ಐವತ್ತು ತುಂಬುವ ಮುನ್ನವೇ, ತೀರಿಕೊಂಡರು. ಅವರು ಜೀವಮಾನವೆಲ್ಲ ಆಡಿದ ಮಾತು ಕಾಯಿದೆಯಾಗುವುದನ್ನು ಕಾಣಲು ಅವರಿರಲಿಲ್ಲ.

1977ರ ಮಾರ್ಚ್ 16ರಿಂದ 20ರವರೆಗೆ ದೇಶದಲ್ಲಿ ಮತದಾನವಾಯಿತು. ದಿಲ್ಲಿಗೆ ಆಗ ವಿಧಾನಸಭೆ ಇರಲಿಲ್ಲ. ಇದ್ದದ್ದು ಮಹಾನಗರ ಪರಿಷತ್ತು. ಆದುದರಿಂದ ಲೋಕಸಭೆಯ ಓಟೇ ಇಲ್ಲಿನ ಮತದಾರನ ಕೈಯ ಮುಖ್ಯ ಆಯುಧ. ಜನತಾ ಪಕ್ಷದವರು ಚಕ್ರದೊಳಗೆ ನೇಗಿಲು ಹೊತ್ತ ರೈತನ ಗುರುತಿನಲ್ಲಿ ನಿಂತಿದ್ದರು. ಕಾಂಗ್ರೆಸ್ಸಿನದು ಹಸು ಮತ್ತು ಕರು. ದಿಲ್ಲಿಯ ಏಳಕ್ಕೆ ಏಳು ಸ್ಥಾನಗಳನ್ನೂ ಜನತಾ ಪಕ್ಷ ಗೆದ್ದಿತು. ಹೊಸ ದಿಲ್ಲಿಯಲ್ಲಿ ವಾಜಪೇಯಿಯವರು ಕಾಂಗ್ರೆಸ್ಸಿನ ಶಶಿಭೂಷಣರನ್ನು ಸೋಲಿಸಿದರು. ಉತ್ತರ ಪ್ರದೇಶದಲ್ಲಿಯೂ ಬಿಹಾರದಲ್ಲಿಯೂ ಕಾಂಗ್ರೆಸ್ಸಿಗೆ ಒಂದು ಸ್ಥಾನವೂ ದೊರೆಯಲಿಲ್ಲ. ರಾಯಬರೇಲಿಯಲ್ಲಿ ಸ್ವತಃ ಪ್ರಧಾನಿಯೇ ಸೋತರು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ರದ್ದಾಯಿತು.

ಇದೇ ಚುನಾವಣೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ದಿಲ್ಲಿಯ ತಿಹಾರ್ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರಕ್ಕೆ ಉಮೇದುವಾರರಾಗಿದ್ದರು. ಕ್ಷೇತ್ರದಲ್ಲಿ ಒಂದು ಭಾಷಣ ಮಾಡುವುದೂ ಅವರಿಗೆ ಸಾಧ್ಯವಾಗಲಿಲ್ಲ. ಸಂಕೋಲೆ ತೊಟ್ಟ ಕೈಯನ್ನೆತ್ತಿದ ಅವರ ಚಿತ್ರವೇ ಊರೂರು ತಿರುಗಿತು. ಮೂರು ಲಕ್ಷಕ್ಕೂ ಹೆಚ್ಚು ಓಟುಗಳ ಅಂತರದಿಂದ ಗೆದ್ದರು. ಮಾತಿನ ಮಲ್ಲರಾಗಿದ್ದ ಆ ಕನ್ನಡಿಗರು ತಮ್ಮ ಅತಿದೊಡ್ಡ ಜಯಗಳಲ್ಲೊಂದನ್ನು ಮಾತನಾಡದೆಯೇ ಗಳಿಸಿದರೆಂಬುದು ವಿಚಾರಮಾಡತಕ್ಕ ಸಂಗತಿ.

ಇನ್ನು ನಮ್ಮ ನಾಡು. ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸು ಗೆದ್ದಿತು. ಬೆಂಗಳೂರು ದಕ್ಷಿಣದಲ್ಲಿ ಮಾತ್ರ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು ಜನತಾ ಪಕ್ಷದಿಂದ ಗೆದ್ದು, ಮುಂದೆ ಲೋಕಸಭೆಯ ಸ್ಪೀಕರಾದರು, ಅವರಲ್ಲದೆ ಇನ್ನೊಬ್ಬರಷ್ಟೇ. ದಿಲ್ಲಿಯ ಕಚೇರಿಗಳಲ್ಲಿ ಉತ್ತರದ ಸ್ನೇಹಿತರು ನಮ್ಮವರನ್ನು ಕೇಳಿದರು: ‘ನಿಮ್ಮ ಊರಿನವರಿಗೆ ಏನಾಗಿದೆ? ಅವರಿಗೆ ಸ್ವಾತಂತ್ರ್ಯ ಬೇಡವೆ?’ ಉತ್ತರ ಹೇಳಲು ನಮ್ಮವರಿಗೆ ಬಾಯಿ ಬರಲಿಲ್ಲ. ಒಳಗೊಳಗೆ ಕೆಲವರಿಗೆ ನಾಚಿಕೆಯೂ ಆಯಿತು.

ನಮ್ಮ ಹಿರಿಯರು ಸುಮ್ಮನಿರಲಾರದೆ ಅಣ್ಣನವರಿಗೆ ಕಾಗದ ಬರೆದರು. ರಾಮಲೀಲಾ ಮೈದಾನದ ಭಾಷಣವನ್ನು ಪುಟಗಟ್ಟಲೆ ವರ್ಣಿಸಿದರು. ತಮ್ಮ ಓಟಿನ ವಿಷಯವನ್ನು ನಿಯಮಕ್ಕೆ ಅನುಸಾರವಾಗಿ ಬರೆಯಲಿಲ್ಲ. ಓದಿದವರಿಗೆ ತಿಳಿಯದಿರುವಂತೆಯೂ ಇರಲಿಲ್ಲ. ಚಿರಂಜೀವಿ ತಮ್ಮನಿಗೆ ಆಶೀರ್ವಾದವೆಂದು ಆರಂಭಿಸಿ ಅಣ್ಣನವರು ಬರೆಸಿದ ಉತ್ತರ ಅರ್ಧ ಪುಟದ್ದು. ಮಳೆಬೆಳೆಯ ವರ್ತಮಾನವಾದ ಮೇಲೆ ಅವರು ತಿಳಿಸಿದ ವಿಷಯ ಇಷ್ಟು: ಫಾರಂ ನಂಬರ್ 7 ಕೊಟ್ಟಿದ್ದಕ್ಕೆ ಭೂನ್ಯಾಯಮಂಡಳಿಯಲ್ಲಿ ತೀರ್ಮಾನವಾಯಿತು, ತಂದೆಯ ಕಾಲದಿಂದ ಗೇಣಿಗೆ ಉಳುತ್ತಿದ್ದ ಗದ್ದೆ ಈಗ ತಮ್ಮ ಹೆಸರಿಗೆ ಬಂದಿದೆ, ಗೌಡರ ಭಾಷಣಕ್ಕೆ ಅಂದು ಚಪ್ಪಾಳೆ ತಟ್ಟಿದ್ದೆವು, ಅವರು ಹೇಳಿದ್ದು ಇಂದು ಕಾಗದದ ಮೇಲೆ ಕೈಗೆ ಬಂದಿತು, ಕೊಟ್ಟ ಸರಕಾರ ಯಾವ ಪಕ್ಷದ್ದೋ ಆ ಪಕ್ಷವನ್ನು ಈ ಸಲ ಮರೆಯಲಾಗಲಿಲ್ಲ.

ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಯ ಭೂಮಿ ಸರಕಾರದ ವಶವಾಗಿ, ಉಳುವವನು ಅರ್ಜಿ ಕೊಟ್ಟು ಒಡೆಯನಾಗುವ ದಾರಿ ತೆರೆಯಿತು. ತಾಲ್ಲೂಕುಗಳಲ್ಲಿ ನ್ಯಾಯಮಂಡಳಿಗಳು ಕುಳಿತವು. ಹಿಂದುಳಿದ ವರ್ಗಗಳ ಬಗೆಗೆ ಹಾವನೂರ ಆಯೋಗದ ವರದಿಯೂ 1975ರಲ್ಲಿ ಬಂದಿತು. ತುರ್ತುಪರಿಸ್ಥಿತಿಯ ಕಷ್ಟ ಕರ್ನಾಟಕಕ್ಕೆ ತಟ್ಟಲಿಲ್ಲವೆಂದಲ್ಲ. ಬೆಂಗಳೂರಿನ ಸೆರೆಮನೆಯೇ ಅದಕ್ಕೆ ಸಾಕ್ಷಿ. ಆದರೆ ಉತ್ತರದ ಹಳ್ಳಿಗಳಲ್ಲಿ ಸರಕಾರ ಶಸ್ತ್ರಚಿಕಿತ್ಸೆಯ ಜೀಪಿನ ರೂಪದಲ್ಲಿ ಬಾಗಿಲಿಗೆ ಬಂದಿದ್ದರೆ, ನಮ್ಮ ಗೇಣಿದಾರನ ಬಾಗಿಲಿಗೆ ಗದ್ದೆಯ ಪತ್ರದ ರೂಪದಲ್ಲಿ ಬಂದಿತ್ತು. ಇಬ್ಬರೂ ತಾವು ಕಂಡ ಸರಕಾರಕ್ಕೆ ಓಟಿನಿಂದ ಉತ್ತರ ಕೊಟ್ಟರು.

ಅಣ್ಣನ ಕಾಗದ ಓದಿದ ಮೇಲೆ ನಮ್ಮ ಹಿರಿಯರಿಗೆ ಕಚೇರಿಯ ಸ್ನೇಹಿತರ ಮುಂದೆ ಆಗಿದ್ದ ನಾಚಿಕೆ ಹೋಯಿತು. ಹಾಗೆಂದು ತಮ್ಮ ಓಟಿನ ಬಗೆಗೆ ಪಶ್ಚಾತ್ತಾಪವೂ ಆಗಲಿಲ್ಲ. ಒಬ್ಬನಿಗೆ ತಲೆಯೆತ್ತಲು ಮಾತಿನ ಸ್ವಾತಂತ್ರ್ಯ ಬೇಕಾಗಿತ್ತು. ಇನ್ನೊಬ್ಬನಿಗೆ ಕಾಲೂರಲು ನೆಲ ಬೇಕಾಗಿತ್ತು. ಒಂದೇ ತಾಯಿಯ ಮಕ್ಕಳಾದ ಅವರು ಎರಡು ಗುರುತುಗಳ ಮೇಲೆ ಮುದ್ರೆಯೊತ್ತಿದರು. ಇಬ್ಬರಲ್ಲಿ ಒಬ್ಬನು ಜಾಣನೆಂದೂ ಇನ್ನೊಬ್ಬನು ಅಜ್ಞಾನಿಯೆಂದೂ ಹೇಳಲು ನಮಗೆ ಇಂದಿಗೂ ನಾಲಗೆ ಏಳದು.

ಮುಂದಿನ ಕೆಲವು ವರ್ಷಗಳ ಕಥೆ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. 1978ರ ನವೆಂಬರಿನ ಉಪಚುನಾವಣೆಯಲ್ಲಿ ಚಿಕ್ಕಮಗಳೂರಿನ ಮತದಾರರು, ರಾಜ್ಯದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಬಿಟ್ಟು, ಕನ್ನಡ ಬಾರದ ಇಂದಿರಾ ಗಾಂಧಿಯವರನ್ನು 77,000ಕ್ಕೂ ಹೆಚ್ಚು ಓಟುಗಳಿಂದ ಗೆಲ್ಲಿಸಿ ದಿಲ್ಲಿಗೆ ಕಳುಹಿಸಿದರು. ಡಿಸೆಂಬರಿನಲ್ಲಿ ಲೋಕಸಭೆ ಅವರ ಸದಸ್ಯತ್ವವನ್ನು ಕಿತ್ತುಹಾಕಿ ಒಂದು ವಾರ ತಿಹಾರ್ ಸೆರೆಮನೆಗೆ ಕಳುಹಿಸಿತು. 1980ರ ಜನವರಿಯಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದಾಗ ದಿಲ್ಲಿಯ ಏಳು ಸ್ಥಾನಗಳಲ್ಲಿ ಆರು ಕಾಂಗ್ರೆಸ್ಸಿಗೆ ಹೋದವು. ವಾಜಪೇಯಿಯವರೊಬ್ಬರು ಉಳಿದರು, ಅದೂ ಸಿ. ಎಂ. ಸ್ಟೀಫನ್ನರ ಮೇಲೆ ಸುಮಾರು 5,000 ಓಟುಗಳ ಅಂತರದಲ್ಲಿ. ಮೈದಾನ ಅದೇ, ಮಾತುಗಾರರು ಅವರೇ, ಚಪ್ಪಾಳೆಗೂ ಕೊರತೆಯಿರಲಿಲ್ಲ. ಆದರೆ ಜನತಾ ಸರಕಾರದ ಒಳಜಗಳವನ್ನೂ ಈರುಳ್ಳಿಯ ಬೆಲೆಯನ್ನೂ ಕಂಡಿದ್ದ ಮತದಾರನು ಕಿವಿಯ ಜೊತೆಗೆ ಕಣ್ಣನ್ನೂ ಕೈಚೀಲವನ್ನೂ ಮತಗಟ್ಟೆಗೆ ಒಯ್ದಿದ್ದನು. ಇಲ್ಲಿ ಸೋತ ಸ್ಟೀಫನ್ನರನ್ನು ಅದೇ ವರ್ಷ ಉಪಚುನಾವಣೆಯಲ್ಲಿ ನಮ್ಮ ಕಲಬುರಗಿಯವರು ಗೆಲ್ಲಿಸಿ ಮತ್ತೆ ದಿಲ್ಲಿಗೇ ಕಳುಹಿಸಿದರು. 1984ರಲ್ಲಿ ವಾಜಪೇಯಿಯವರು ತಮ್ಮ ಹುಟ್ಟೂರು ಗ್ವಾಲಿಯರಿನಲ್ಲಿಯೇ ಸೋತರು. ಅವರ ವಾಗ್ಮಿತೆ ಕುಂದಿರಲಿಲ್ಲ. ಮುಂದೆ ಪ್ರಧಾನಿಯೂ ಆದರು.

ಇಷ್ಟರಿಂದ ಭಾಷಣ ವ್ಯರ್ಥವೆಂದು ತಿಳಿಯಬಾರದು. ರಾಮಲೀಲಾ ಮೈದಾನದಲ್ಲಿ ಆ ರಾತ್ರಿ ಆದ ಕಾರ್ಯ ಸಣ್ಣದಲ್ಲ. ಅಂಜಿದ ಸಾವಿರಾರು ಜನರು, ಅಂಜಿದವರು ತಾವೊಬ್ಬರೇ ಅಲ್ಲವೆಂದು ಅರಿತರು. ಕಾಗೋಡಿನ ಸುತ್ತಲಿನ ಸಭೆಗಳಲ್ಲಿ ಆದದ್ದೂ ಅದೇ. ಒಳ್ಳೆಯ ಭಾಷಣ ಮತದಾರನಿಗೆ ಅಭಿಪ್ರಾಯವನ್ನು ಕೊಡುವುದಕ್ಕಿಂತ ಹೆಚ್ಚಾಗಿ ಧೈರ್ಯವನ್ನು ಕೊಡುತ್ತದೆ. ಆ ಧೈರ್ಯವನ್ನು ಯಾವ ಗುರುತಿಗೆ ಒತ್ತಬೇಕೆಂಬುದು ಮಾತ್ರ ಅವನ ಸ್ವಂತ ವಿಚಾರ. ಮಾತುಗಾರನ ಹಕ್ಕು ಚಪ್ಪಾಳೆಯವರೆಗೆ. ಅಲ್ಲಿಂದಾಚೆ ಮತದಾರನ ರಾಜ್ಯ.

ಈಗ ನಮ್ಮ ಸಂಸಾರಗಳು ದಿಲ್ಲಿಯಲ್ಲಷ್ಟೇ ಅಲ್ಲದೆ ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದುಗಳಲ್ಲಿಯೂ ನೆಲೆಸಿವೆ. ಒಂದೇ ನಾಡಹಬ್ಬಕ್ಕೆ ಸೇರುವ ನಾವು ಮೂರು ರಾಜ್ಯಗಳ ಮತದಾರರ ಪಟ್ಟಿಗಳಲ್ಲಿದ್ದೇವೆ. ಭಾಷಣ ಕೇಳಲು ಚಳಿಯಲ್ಲಿ ನಿಲ್ಲಬೇಕಾಗಿಲ್ಲ. ಅಂಗೈಯಗಲದ ಪರದೆಯ ಮೇಲೆ ಅರ್ಧ ನಿಮಿಷದ ತುಣುಕಾಗಿ ಅದೇ ಬರುತ್ತದೆ. ಮೆಚ್ಚಿಗೆಯನ್ನು ಸೂಚಿಸಲು ಶಾಲಿನಿಂದ ಕೈ ತೆಗೆಯುವ ಕಷ್ಟವೂ ಇಲ್ಲ, ಬೆರಳೊಂದು ಸಾಕು. ಸುಲಭವಾದದ್ದರಲ್ಲಿ ದೋಷವೇನಿಲ್ಲ. ಆದರೆ ಅರ್ಧ ನಿಮಿಷದಲ್ಲಿ ಪದ್ಯ ಸಿಕ್ಕುತ್ತದೆ, ಪೂರ್ತಿ ಭಾಷಣ ಸಿಕ್ಕುವುದಿಲ್ಲ; ಮೆಚ್ಚಿದ್ದೇವೆಂಬುದು ಎಲ್ಲರಿಗೂ ತಿಳಿಯುತ್ತದೆ, ಏಕೆ ಮೆಚ್ಚಿದೆವೆಂಬುದು ನಮಗೇ ತಿಳಿಯುವುದಿಲ್ಲ.

1989ರಿಂದ ಹದಿನೆಂಟು ತುಂಬಿದವರಿಗೆಲ್ಲ ಓಟಿದೆ. ನಮ್ಮ ಮನೆಗಳಲ್ಲಿ ಈ ವರ್ಷ ಪಟ್ಟಿಗೆ ಸೇರಿದ ಮಕ್ಕಳಿಗೆ ಹಿರಿಯರಾದ ನಾವು ಹೇಳಬಹುದಾದುದು ಇಷ್ಟೇ. ಯಾವ ಪಕ್ಷದವರ ಸಭೆಯಾದರೂ ಹೋಗಿ ಕೇಳಿರಿ. ಮಾತು ಚೆನ್ನಾಗಿದ್ದರೆ ಸಂಕೋಚವಿಲ್ಲದೆ ಚಪ್ಪಾಳೆ ತಟ್ಟಿರಿ. ಊರಿನಲ್ಲಿರುವ ದೊಡ್ಡಪ್ಪನನ್ನೂ ಒಮ್ಮೆ ವಿಚಾರಿಸಿರಿ. ಅವರ ಗದ್ದೆಯ ಬದುವಿನಿಂದ ಕಾಣುವ ಭಾರತ ನಮ್ಮ ಮಹಡಿಯಿಂದ ಕಾಣುವುದಿಲ್ಲ. ಆ ಮೇಲೆ ಮತಗಟ್ಟೆಯ ಮರೆಯೊಳಗೆ ಒಬ್ಬರೇ ಹೋಗಿರಿ.

ನಮ್ಮ ಹಿರಿಯರು ಈಗಿಲ್ಲ. ಅವರ ಹಳೆಯ ಟ್ರಂಕಿನಲ್ಲಿ ಅಣ್ಣನ ಆ ಅರ್ಧ ಪುಟದ ಕಾಗದ ದೊರೆಯಿತು. ಅದನ್ನು ಮಡಿಸಿ ಇಟ್ಟಿದ್ದದ್ದು ಅವರ ಮತದಾರರ ಚೀಟಿಯ ಜೊತೆಯಲ್ಲಿ.